ಮೂರನೇ ಮಹಡಿಯ ಕವಚದ ಭಾಯಿ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಆಡೋಣ, ಅದಕ್ಕೇನು. ಅವರ ವಿಷಯದಲ್ಲಿ ಒಳ್ಳೆಯ ಮಾತಿಗೆ ಬರವಿಲ್ಲ. ತೊಂದರೆ ಇರುವುದು ಇನ್ನೂ ಸಾಯದೆ ಉಳಿದಿರುವ ನನ್ನ ವಿಷಯದಲ್ಲಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಸೊಸೈಟಿಯ ನೋಟೀಸಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಬೋರ್ಡಿಗೆ ಅಂಟಿಸಿದ್ದೇನೆ, ಅಷ್ಟು ಸಾಕು. ನಾನು ಅವರನ್ನು ಕರೆಯುತ್ತಿದ್ದುದು ಭಾಯಿ ಅಂತ. ಮುಂಬಯಿಯ ಮಲಾಡಿನ ನಮ್ಮ ಏಳು ಮಹಡಿಯ ಬಿಲ್ಡಿಂಗಿನಲ್ಲಿ ಮೂರನೆಯದರಲ್ಲಿ ಅವರು, ಅವರ ತಲೆಯ ಮೇಲೆ ನಾಲ್ಕನೆಯದರಲ್ಲಿ ನಾನು.

ನಾನು ಉಡುಪಿ ಕಡೆಯವನು. ಮೂವತ್ತು ವರ್ಷಕ್ಕೂ ಹೆಚ್ಚು ಸ್ಟೇಷನ್ ಹತ್ತಿರದ ಹೋಟೆಲಿನ ಗಲ್ಲಾದಲ್ಲಿ ಕೂತವನು. ಹೋಟೆಲ್ ಬಿಟ್ಟು ಮನೆ ಸೇರಿದ ಮೇಲೆ ಬಯ್ಯಲು ಮಾಣಿಗಳು ಸಿಗದೆ ಸೊಸೈಟಿಯ ಸೆಕ್ರೆಟರಿಯಾದೆ. ಭಾಯಿ ಬಿಜಾಪುರ ಕಡೆಯ ಮುಸಲ್ಮಾನರು. ಹೆಂಡತಿಯೊಂದಿಗೆ ದಖ್ಖನಿ, ನನ್ನೊಂದಿಗೆ ಕನ್ನಡ. ಇಡೀ ಬಿಲ್ಡಿಂಗಿನಲ್ಲಿ ಕನ್ನಡದ ಮನೆಗಳು ಮೂರೇ ಮೂರು. ನಮ್ಮದು, ಅವರದು, ಎರಡನೇ ಮಹಡಿಯ ಮಂಗಳೂರಿನವರದು. ಊರಲ್ಲಾಗಿದ್ದರೆ ನಾವು ಮೂವರೂ ಒಬ್ಬರನ್ನೊಬ್ಬರು ತಿರುಗಿ ನೋಡುತ್ತಿರಲಿಲ್ಲವೇನೋ. ಇಲ್ಲಿ ಲಿಫ್ಟಿನಲ್ಲಿ ಸಿಕ್ಕರೆ ಏಳನೇ ಮಹಡಿಯವರೆಗೆ ಹೋಗಿ ಮಾತು ಮುಗಿಸಿ ಇಳಿದು ಬರುತ್ತಿದ್ದೆವು.

ಭಾಯಿ ಇಪ್ಪತ್ತೆಂಟು ವರ್ಷ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ರಟ್ಟಿನ ಡಬ್ಬಿಯ ನಮೂನೆ ತಯಾರಿಸುತ್ತಿದ್ದರು. ಸೋಪಿನ ಡಬ್ಬಿ, ಮಾತ್ರೆಯ ಡಬ್ಬಿ, ಚಹಾಪುಡಿಯ ಡಬ್ಬಿ. ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಚಬೇಕು, ಯಾವ ಕಿವಿಯನ್ನು ಯಾವ ಸಂದಿಗೆ ತೂರಿಸಬೇಕು ಎಂದು ಲೆಕ್ಕ ಹಾಕಿ ಹಾಳೆಯ ಮೇಲೆ ಗೆರೆ ಎಳೆಯುವ ಕೆಲಸ. ಆ ಕಣ್ಣು ಅವರನ್ನು ಮನೆಗೆ ಬಂದ ಮೇಲೂ ಬಿಡಲಿಲ್ಲ. ಎದುರಿಗೆ ಕೂತವರ ಮುಖವನ್ನು ನೋಡುತ್ತ ನೋಡುತ್ತ ಬಿಚ್ಚಿಬಿಡುತ್ತಿದ್ದರು. “ಸೆಕ್ರೆಟರಿ ಸಾಹೇಬ್ರ, ನಿಮ್ಮ ಮೂಗಿಗೆ ಆರು ಮಡಿಕಿ ಬೇಕ್ರಿ. ನಂದಕ್ಕ ನಾಕ ಸಾಕು,” ಎಂದು ಒಮ್ಮೆ ನನ್ನ ಹೆಂಡತಿಯ ಎದುರಿಗೇ ಹೇಳಿದರು. ಅವಳು ಚಹಾ ತರಲು ಎದ್ದವಳು ಅಡುಗೆಮನೆಯಲ್ಲಿ ನಿಂತು ನಕ್ಕದ್ದು ನನಗೆ ಕೇಳಿಸಿತು. “ಬಿಚ್ಚಿ ಹರವಿದ್ರ ಎಲ್ಲಾರೂ ಹಾಳಿನ ರೀ. ರಾಜಾನೂ ಹಾಳಿನ, ಹಮಾಲನೂ ಹಾಳಿನ,” ಎನ್ನುವುದು ಅವರ ಮಾತು.

ಕವಚದ ಹುಚ್ಚು ಹಿಡಿಸಿದ್ದು ಎರಡನೇ ಮಹಡಿಯ ಮಂಗಳೂರಿನವರ ಮಗಳು. ಕಾಲೇಜು ಹುಡುಗಿ. ಕನ್ನಡ ಪೂರಾ ತಿಳಿಯುತ್ತದೆ, ಆಡಲು ಹೋದರೆ ನಾಲ್ಕನೇ ಶಬ್ದಕ್ಕೆ ಹಿಂದಿಗೆ ಜಾರುತ್ತಾಳೆ. ವೇಷ ಹಾಕಿಕೊಂಡು ಹುಡುಗರು ನೆರೆಯುವ ಮೇಳಗಳು ಈಗ ನಗರದಲ್ಲಿ ನಡೆಯುತ್ತವಲ್ಲ, ಅಲ್ಲಿಗೆ ತೊಟ್ಟುಕೊಂಡು ಹೋಗಲು ಅವಳಿಗೊಂದು ಕವಚ ಬೇಕಿತ್ತು. ಇಂಟರ್‌ನೆಟ್ಟಿನಿಂದ ಇಳಿಸಿ ಪ್ರಿಂಟ್ ಹಾಕಿಸಿದ ಹಾಳೆಗಳ ಕಟ್ಟು ಹಿಡಿದು, ಬೆರಳಿಗೆಲ್ಲ ಅಂಟು ಮೆತ್ತಿಕೊಂಡು ಅವಳು ಲಿಫ್ಟಿನಲ್ಲಿ ನಿಂತಿದ್ದ ದಿನ ನಾನೂ ಅಲ್ಲೇ ಇದ್ದೆ.

“ಏನವ್ವಾ ಇದು?” ಜೊತೆಗಿದ್ದ ಭಾಯಿ ಕೇಳಿದರು.

“ಅಂಕಲ್, ಆರ್ಮರ್... ಮತ್ಲಬ್ ಕವಚ. ಪೇಪರಿಂದು ಮಾಡಿ, ಊಪರ್ ಸೇ ರೆಸಿನ್ ಹಚ್ಚೋದು. ತೀನ್ ಹಫ್ತೆ ಆಯ್ತು, ಬನ್ತಾನೇ ಇಲ್ಲ.”

ಭಾಯಿ ಒಂದು ಹಾಳೆ ತೆಗೆದು ಬೆಳಕಿಗೆ ಹಿಡಿದರು. ತುಂಡು ತುಂಡು ಆಕಾರಗಳು, ಪ್ರತಿ ಅಂಚಿಗೂ ಒಂದು ನಂಬರು. ಅವರ ಮುಖ ಆವತ್ತು ಹೇಗಾಯಿತೆಂದರೆ, ಹದಿನೈದು ವರ್ಷ ಊರಿಗೆ ಹೋಗದವನು ಊರಿನ ಬಸ್ಸು ನೋಡಿದ ಹಾಗೆ. “ಇದು ಡಬ್ಬಿನ ಐತಲ್ಲವ್ವಾ,” ಎಂದರು. “ಮನಷ್ಯಾನ್ನ ಒಳಗ ಇಡೂ ಡಬ್ಬಿ.”

ಅಲ್ಲಿಂದ ಶುರು. ಕಾರ್ಡ್‌ಶೀಟ್ ಕತ್ತರಿಸಿ, ಮಡಿಚಿ, ನಂಬರಿಗೆ ನಂಬರು ಅಂಟಿಸಿದರೆ ಹೆಗಲು, ಎದೆ, ಮೊಣಕಾಲು ಎದ್ದು ನಿಲ್ಲುತ್ತಿದ್ದವು. ಅದರ ಮೇಲೆ, ಗಟ್ಟಿಯಾಗಲೆಂದು ಹಾರ್ಡನರ್ ಬೆರೆಸಿದ ರೆಸಿನ್ ಎಂಬ ಅಂಟನ್ನು ಬ್ರಷ್ಷಿನಿಂದ ಸವರಬೇಕು. ಒಳಗಿನಿಂದ ಫೈಬರಿನ ಬಟ್ಟೆ ಇಟ್ಟು ಮತ್ತೆ ರೆಸಿನ್ ಕುಡಿಸಬೇಕು. ಗಟ್ಟಿಯಾದ ಮೇಲೆ ಪುಟ್ಟಿ, ಸ್ಯಾಂಡ್ ಪೇಪರು, ಬಣ್ಣ. ಕಾಗದ ಹೋಗಿ ಕಬ್ಬಿಣ ಬಂತೋ ಅನ್ನಬೇಕು, ಎತ್ತಿದರೆ ಮಾತ್ರ ಹಗುರ.

ಅಳತೆ ತೆಗೆದುಕೊಳ್ಳುವಾಗ ಅವರದೊಂದು ಹಟವಿತ್ತು. ನಿಂತವರ ಅಳತೆ ತೆಗೆಯುತ್ತಿರಲಿಲ್ಲ. “ಮೊದಲ ಕುಂದರವ್ವಾ,” ಎನ್ನುತ್ತಿದ್ದರು. ಇಂಟರ್‌ನೆಟ್ಟಿನ ನಮೂನೆಗಳೆಲ್ಲ ನಿಂತ ಆಳಿಗೆ ಮಾಡಿದವಂತೆ. ಆದರೆ ನಮ್ಮ ಹುಡುಗರು ಆ ಮೇಳಕ್ಕೆ ಹೋಗುವುದು ಲೋಕಲ್ ರೈಲಿನಲ್ಲಿ. ಮಲಾಡಿನಿಂದ ಕವಚ ತೊಟ್ಟು ಹೊರಟವನು ಕೂರಲಾಗದಿದ್ದರೆ, ಬಾಗಿಲಲ್ಲಿ ಹೊಗಲಾಗದಿದ್ದರೆ ಅದು ಕವಚವಲ್ಲ, ಶಿಕ್ಷೆ. ಹಾಗಾಗಿ ಸೊಂಟದ ಕೆಳಗೆ ಎಲ್ಲ ತುಂಡಿನ ಗೆರೆಗಳನ್ನೂ ಅವರು ಹೊಸದಾಗಿ ಎಳೆಯುತ್ತಿದ್ದರು. ಹುಡುಗಿ ಮೇಳ ಮುಗಿಸಿ ಬಂದು ಫೋಟೋ ತೋರಿಸಲು ಓಡಿದರೆ, ಭಾಯಿ ಫೋಟೋ ಕಡೆ ನೋಡದೆ ಕೇಳಿದ್ದು ಒಂದೇ. “ಗಾಡ್ಯಾಗ ಕುಂತಿಯೇನವ್ವಾ?”

“ಕೂತೆ ಅಂಕಲ್! ಪೂರಾ ದಾದರ್ ತಕ್ ಕೂತೆ. ಏಕ್ ಆಂಟಿ ನೇ ಸೀಟ್ ಭೀ ದಿಯಾ!”

ಅವತ್ತು ಅವರು ನನ್ನ ಮನೆಗೆ ಬಂದು ಎರಡು ಸಲ ಚಹಾ ಕುಡಿದರು.

ನಿಮಗೆ ಇದರಲ್ಲಿ ಎಂತ ಸಿಗ್ತದೆ ಮಾರಾಯ್ರೆ, ಎಂದು ಒಮ್ಮೆ ಕೇಳಿದ್ದೆ. ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ಅವರು ರೆಸಿನ್ ಹಚ್ಚುತ್ತ ಕೂತಿದ್ದರು. ಆಗೆಲ್ಲ ಕೆಲಸ ಅಲ್ಲೇ, ಗಾಳಿಯಲ್ಲಿ. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ ಹೇಳಿದರು. “ಇಪ್ಪತ್ತೆಂಟು ವರ್ಷ ಡಬ್ಬಿ ಮಾಡಿದೆ ರೀ. ಎಲ್ಲಾ ಮಂದಿ ಹರದು ಒಗದ್ರು. ಒಗೀಲಿಕ್ಕಂತನ ಮಾಡಿದ್ದು, ತಪ್ಪಿಲ್ಲ. ನನ್ನ ಕೈಲೆ ಆದದ್ದು ಒಂದರ ಉಳೀಲಿ ಅಂತ ಆಸೆ. ರೆಸಿನ್ ಹಚ್ಚಿದ್ದನ್ನ ಹರೀಲಿಕ್ಕ ಬರೂದಿಲ್ಲ.”

ಆವತ್ತೇ ನನಗೊಂದು ಎದೆಕವಚ ತೊಡಿಸಿದರು. ಬೇಡ ಬೇಡ ಅನ್ನುತ್ತಲೇ ತೊಟ್ಟೆ. ಅರವತ್ತು ದಾಟಿದ ಹೊಟ್ಟೆ ಒಳಗೆ ಅಡಗಿ ನಾನು ಯಾವ ಸೀಮೆಯ ದೊರೆಯೋ ಅನ್ನುವಂತೆ ನಿಂತೆ. ಕೆಳಗೆ ಬಿದ್ದ ಚಪ್ಪಲಿ ಎತ್ತಲು ಹೋದರೆ ಬಾಗಲು ಆಗಲಿಲ್ಲ. “ಇದನ್ನ ಹಾಕ್ಕೊಂಡ್ರ ಬಾಗಾಕ ಬರೂದಿಲ್ರಿ. ಅದಕ್ಕ ರಾಜರು ಯಾರಿಗೂ ಬಾಗತಿದ್ದಿಲ್ಲ,” ಎಂದು ಅವರೇ ಚಪ್ಪಲಿ ಎತ್ತಿಕೊಟ್ಟರು. ನಾನು ನಕ್ಕೆ. ಆ ನಗು ನೆನಪಾದರೆ ಈಗ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಏಕೆಂದರೆ ಅದಾಗಿ ತಿಂಗಳೊಳಗೆ ಆರನೇ ಮಹಡಿಯವರು ದೂರು ತಂದರು. ಟೆರೇಸಿನಲ್ಲಿ ವಾಸನೆ, ನೆಲದ ಮೇಲೆ ಅಂಟು ಕಲೆ, ಹಪ್ಪಳ ಒಣಗಿಸಲು ಜಾಗವಿಲ್ಲ. ವಾಸನೆ ಇದ್ದದ್ದು ನಿಜ. ಮೂಗಿನ ಮೂಲಕ ಮಿದುಳಿಗೆ ಏರುವ ಸಿಹಿ ಕಮಟು. ನಾನು ಸೆಕ್ರೆಟರಿ. ಟೆರೇಸಿಗೆ ಬೀಗ ಹಾಕಿಸಿದೆ, ಬೀಗದ ಕೈ ನನ್ನ ಮನೆಯ ಮೊಳೆಗೆ ನೇತುಹಾಕಿದೆ, ನೋಟೀಸು ಬರೆದೆ. ಆ ನೋಟೀಸಿನ ಇಂಗ್ಲಿಷಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಭಾಯಿ ಬೋರ್ಡಿನ ಮುಂದೆ ನಿಂತು, ಕನ್ನಡಕ ಏರಿಸಿ, ತಮ್ಮ ಹೆಸರಿದ್ದ ಸಾಲನ್ನು ಬೆರಳಿಟ್ಟು ಓದಿದರು. ಜಗಳವಾಡುತ್ತಾರೆಂದು ನಾನು ಮಾತು ಜೋಡಿಸಿಕೊಂಡೇ ಬಂದಿದ್ದೆ. ಅವರು ತಿರುಗಿ, “ಬರೋಬರಿ ಬರದೀರಿ. ಮಂದಿಗೆ ತ್ರಾಸ ಆಗಬಾರದು. ಮತ್ತ ನಾ ಎಲ್ಲಿ ಮಾಡಲ್ರಿ?” ಎಂದು ಕೇಳಿದರು. ವಾದಕ್ಕಲ್ಲ, ನಿಜವಾಗಿಯೂ ಕೇಳಿದರು.

ನಾನು ಹೇಳಿದ ಮಾತು ಇದು. “ನಿಮ್ಮ ಮನೆಯೊಳಗೆ ಏನು ಬೇಕಾದ್ರೂ ಮಾಡಿ ಮಾರಾಯ್ರೆ, ಯಾರು ಬೇಡ ಅಂತಾರೆ. ವಾಸನೆ ಮಾತ್ರ ಹೊರಗೆ ಬರ್ಬಾರ್ದು, ಆಯ್ತಲ್ಲ?”

ಬೇರೆ ಯಾರಿಗಾದರೂ ಅದು ಬಾಯಿಮಾತು. ಆದರೆ ವಾಸನೆ ಹೊರಗೆ ಬಾರದ ಡಬ್ಬಿ ಮಾಡುವುದೇ ಈ ಮನುಷ್ಯನ ಕಸುಬಾಗಿತ್ತು. ಅವರು ಮಾಡಿದ ಚಹಾಪುಡಿಯ ಡಬ್ಬಿಯಿಂದ ಆರು ತಿಂಗಳಾದರೂ ಪರಿಮಳ ಹೊರಗೆ ಹೋಗುತ್ತಿರಲಿಲ್ಲ ಎಂದು ಹತ್ತು ಸಲ ನನಗೆ ಹೇಳಿದ್ದರು. ನಾನು ಹೇಳಿದ್ದನ್ನು ಅವರು ಕಾರ್ಖಾನೆಗೆ ಬಂದ ಆರ್ಡರಿನಂತೆ ಕೇಳಿಸಿಕೊಂಡರು. ಮನೆಯ ಒಳಕೋಣೆಯ ಕಿಟಕಿಯ ಸಂದಿಗಳಿಗೆಲ್ಲ ಡಬ್ಬಿಗೆ ಅಂಟಿಸುವ ಕಂದು ಟೇಪು ಹಾಕಿದರು. ಗಾಳಿಕಿಂಡಿಗೆ ರಟ್ಟು ಹೊಡೆದರು. ಕೆಲಸಕ್ಕೆ ಕೂತಾಗ ಒಳಗಿನಿಂದ ಬಾಗಿಲ ಸಂದಿಗೂ ಟೇಪು. ಹೆಂಡತಿಯನ್ನು ಒಳಗೆ ಬಿಡುತ್ತಿರಲಿಲ್ಲ. ತಾವು ಮಾತ್ರ ಕೊರೋನಾ ಕಾಲದಲ್ಲಿ ತಂದು ಉಳಿದಿದ್ದ ನೀಲಿ ಮಾಸ್ಕೊಂದನ್ನು ಹಾಕಿಕೊಳ್ಳುತ್ತಿದ್ದರು. ಆ ಎರಡು ವರ್ಷ ಕಳೆದ ಮೇಲೆ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಒಂದು ನಂಬಿಕೆ ಕೂತಿತ್ತು, ಮಾಸ್ಕೊಂದಿದ್ದರೆ ಯಮನೂ ಒಳಗೆ ಬರಲಾರ ಅಂತ. ರೋಗಕ್ಕೆ ಹಾಕಿದ್ದು ರೆಸಿನ್ನಿನ ಹಬೆಗೆ ಏನೂ ಮಾಡುವುದಿಲ್ಲ ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗೂ.

ಟೇಪು ಹಚ್ಚಿದ ಮೊದಲ ಮೂರು ದಿನ ಅವರು ಸಂಜೆ ಮೇಲೆ ಬಂದು ನನ್ನನ್ನು ಕೇಳುತ್ತಿದ್ದರು. “ಬಂತೇನ್ರಿ ವಾಸನಿ?”

ಮೊದಲ ದಿನ ಬಂತು ಎಂದೆ. ಎರಡನೆಯ ದಿನ ಅಡುಗೆಮನೆಯ ಕಿಟಕಿಯಲ್ಲಿ ಮೂಗು ಚಾಚಿ, “ಸ್ವಲ್ಪ ಉಂಟು ಭಾಯಿ,” ಎಂದೆ. ಕೆಳಗೆ ಹೋಗಿ ಇನ್ನೊಂದು ಸುತ್ತು ಟೇಪು ಹಾಕಿದರು. ಮೂರನೆಯ ದಿನ ನಾನು ಕಣ್ಣು ಮುಚ್ಚಿ ಉಸಿರೆಳೆದು, “ಇಲ್ಲ ಮಾರಾಯ್ರೆ, ಒಂಚೂರೂ ಇಲ್ಲ,” ಎಂದು ಅವರ ಬೆನ್ನು ತಟ್ಟಿದೆ. ಅವರ ಮುಖ ಅರಳಿತು. ಮುಂದಿನ ಸೊಸೈಟಿ ಮೀಟಿಂಗಿನ ನಡಾವಳಿಯಲ್ಲಿ ವಾಸನೆಯ ಸಮಸ್ಯೆ ಬಗೆಹರಿದಿದೆ ಎಂದು ನನ್ನ ಕೈಯಾರೆ ಬರೆದೆ. ಆರನೇ ಮಹಡಿಯವರು ಚಪ್ಪಾಳೆ ತಟ್ಟಿದರು.

ಇಲ್ಲಿ ಒಂದು ವಿಷಯ ಹೇಳದಿದ್ದರೆ ನಾನು ಬರೆಯುವುದೆಲ್ಲ ಸುಳ್ಳಾಗುತ್ತದೆ. ನಾನು ಹೋಟೆಲಿನವನು. ಹೋಟೆಲಿನ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಒಂದು ದಿನ ಕೆಟ್ಟು ನಿಂತಾಗ ಅರ್ಧ ಗಂಟೆಯಲ್ಲಿ ದೋಸೆ ಭಟ್ಟ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಆಗ ನಾನು ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ ಒಲೆ ಆರಿಸಿದ್ದೆ. ಹೊಗೆಗೆ ಹೊರಗೆ ದಾರಿ ಕೊಡದಿದ್ದರೆ ಅದು ಒಳಗಿದ್ದವನ ಎದೆಗೆ ಹೋಗುತ್ತದೆ ಎಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೂರನೆಯ ದಿನ ವಾಸನೆ ಬರಲಿಲ್ಲವಲ್ಲ, ಅದು ಎಲ್ಲಿಗೆ ಹೋಯಿತು ಎಂದು ನಾನು ಕೇಳಿಕೊಳ್ಳಲಿಲ್ಲ. ನನ್ನ ಕಿಟಕಿಗೆ ಬರಲಿಲ್ಲ, ಅಷ್ಟೇ ನನಗೆ ಬೇಕಾಗಿತ್ತು.

ಆ ಕೋಣೆಯಲ್ಲಿ ಎರಡು ವರ್ಷ ಕೆಲಸ ನಡೆಯಿತು. ಅಂಧೇರಿ, ಬೋರಿವಲಿಯಿಂದೆಲ್ಲ ಹುಡುಗರು ಬಂದು ಕುರ್ಚಿಯ ಮೇಲೆ ಕೂತು ಅಳತೆ ಕೊಟ್ಟು ಹೋದರು. ಮೇಳ ನೋಡಲು ಬನ್ನಿ ಎಂದು ಕರೆದರೆ ಭಾಯಿ ಹೋಗುತ್ತಿರಲಿಲ್ಲ. “ಡಬ್ಬಿ ಮಾಡಿದಾಂವ ಡಬ್ಬಿ ಜೋಡಿ ಅಂಗಡಿಗಿ ಹೋಗ್ತಾನೇನ್ರಿ?” ಎನ್ನುತ್ತಿದ್ದರು. ಕೆಮ್ಮು ಶುರುವಾದದ್ದು ಎರಡನೆಯ ಚಳಿಗಾಲದಲ್ಲಿ. ಒಣ ಕೆಮ್ಮು. ಮುಂಬಯಿಯಲ್ಲಿ ಕೆಮ್ಮದವರು ಯಾರು, ಎಂದು ನಾನೇ ಸಮಾಧಾನ ಹೇಳಿದೆ.

ಅದೇ ಸುಮಾರಿಗೆ ಎರಡನೇ ಮಹಡಿಯ ಹುಡುಗಿ ಓದಲು ಪುಣೆಗೆ ಹೋದಳು. ಒಂದೂವರೆ ಕೋಣೆಯ ಮನೆ, ಅವಳ ತಾಯಿ ಜಾಗಕ್ಕಾಗಿ ಕವಚವನ್ನು ರದ್ದಿಯವನಿಗೆ ಹಾಕಲು ನೋಡಿದರು. ಅವನು ಗೆಣ್ಣಿನಿಂದ ತಟ್ಟಿ ನೋಡಿ ಬೇಡವೆಂದ. ಕಾಗದವಲ್ಲ, ಪ್ಲಾಸ್ಟಿಕ್ಕಲ್ಲ, ಲೋಹವಲ್ಲ, ಯಾವ ಚೀಲಕ್ಕೂ ಸೇರುವುದಿಲ್ಲ ಎಂದು. ಅವರು ಅದನ್ನು ಗೇಟಿನ ಪಕ್ಕ ಕಸದ ಡಬ್ಬಿಯ ಬಳಿ ಇಟ್ಟು ಹೋದರು. ಭಾಯಿ ಹಾಲು ತರಲು ಹೋದವರು ಅದನ್ನು ಕಂಡರು. ನಾನು ನೋಡುತ್ತಿದ್ದಂತೆ ಎದೆಯ ತುಂಡು, ಹೆಗಲು, ಮೊಣಕಾಲು ಎಲ್ಲ ಆಯ್ದು ಎರಡು ಸಲವಾಗಿ ಮೇಲೆ ಸಾಗಿಸಿದರು. ಎರಡನೆಯ ಸಲ ನಾನು ಲಿಫ್ಟಿನ ಬಾಗಿಲು ಹಿಡಿದೆ. “ಅವ್ರ ಮನ್ಯಾಗ ಜಾಗಾ ಎಲ್ಲೈತ್ರಿ,” ಎಂದರು. “ಖರೇನ ಐತಿ. ಎಲ್ಲಿಡ್ತಾರ.” ಅವರು ಅಳುತ್ತಿದ್ದರೋ ಕೆಮ್ಮಿ ಕಣ್ಣು ತುಂಬಿತ್ತೋ ನಾನು ಕೇಳಲಿಲ್ಲ.

ಆಮೇಲೆ ಆಸ್ಪತ್ರೆ, ಎದೆಯ ಫೋಟೋಗಳು, ಊದುವ ಪರೀಕ್ಷೆಗಳು. ಶ್ವಾಸಕೋಶ ಗಟ್ಟಿಯಾಗಿದೆ, ಹಿಂದಿನಂತೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಭಾಯಿ ಅದನ್ನು ನನಗೆ ತಮ್ಮ ಕಸುಬಿನ ಭಾಷೆಯಲ್ಲೇ ಹೇಳಿದರು. “ಒಳಗೂ ಹಾರ್ಡನರ್ ಬಿದ್ದೈತ್ರಿ ಸಾಹೇಬ್ರ. ಒಂದ ಸಲ ಬಿತ್ತು ಅಂದ್ರ ಹಾಳಿ ಮತ್ತ ಹಾಳಿ ಆಗೂದಿಲ್ಲ.” ಡಾಕ್ಟರು ಇದೇ ಕಾರಣ ಎಂದು ಯಾವುದನ್ನೂ ಹೇಳಲಿಲ್ಲ. ರಟ್ಟಿನ ಧೂಳಿರಬಹುದು, ಮುಂಬಯಿಯ ಗಾಳಿ ಇರಬಹುದು, ರೆಸಿನ್ ಇರಬಹುದು, ಎಲ್ಲ ಕೂಡಿಯೂ ಇರಬಹುದು. ಈ ‘ಇರಬಹುದು’ಗಳನ್ನು ನಾನು ಎಷ್ಟು ಸಲ ಎಣಿಸಿದ್ದೇನೆಂದರೆ, ಹೆಂಡತಿ ಒಂದು ದಿನ ಸಾಕು ಮಾಡಿ ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು.

ಮಳೆಗಾಲದ ಮೊದಲ ವಾರ ನಾನು ಟೆರೇಸಿನ ಬೀಗದ ಕೈ ಹಿಡಿದುಕೊಂಡು ಕೆಳಗೆ ಹೋದೆ. ಭಾಯಿ ಹಾಸಿಗೆಯ ಮೇಲೆ ದಿಂಬಿಗೆ ಒರಗಿ, ಮೂಗಿಗೆ ಆಕ್ಸಿಜನ್ ನಳಿಗೆ ಇಟ್ಟುಕೊಂಡು, ತೊಡೆಯ ಮೇಲೆ ಕಾರ್ಡ್‌ಶೀಟು ಮಡಿಚುತ್ತಿದ್ದರು. ರೆಸಿನ್ ನಿಂತಿತ್ತು, ಕಾಗದ ನಿಂತಿರಲಿಲ್ಲ. ಕಪಾಟಿನ ಮೇಲೆ ಒಂದು ಇಡೀ ಕವಚ ಬರೀ ಕಾಗದದ್ದು, ಬಿಳಿಯದು. ಮಳೆಯ ತೇವಕ್ಕೆ ಅದರ ಹೆಗಲು ಜೋತು ಬಿದ್ದಿತ್ತು, ಅಂಟು ಬಿಟ್ಟ ಕಡೆ ಬಾಯಿ ತೆರೆದಿತ್ತು. ಅವರು ಮಲಗಿದಲ್ಲಿಂದಲೇ ಅದು ದಿನಕ್ಕಿಷ್ಟು ಕುಸಿಯುವುದನ್ನು ನೋಡುತ್ತಿದ್ದರು. ಅವರ ಹೆಂಡತಿ ತಾನು ರೆಸಿನ್ ಹಚ್ಚುತ್ತೇನೆ ಅಂದದ್ದಕ್ಕೆ ಭಾಯಿ ಬದುಕಿನಲ್ಲಿ ಮೊದಲ ಸಲ ಆಕೆಯ ಮೇಲೆ ಕೂಗಾಡಿದ್ದರಂತೆ.

“ಭಾಯಿ, ಇದು ಟೆರೇಸಿನ ಕೈ,” ಎಂದೆ. “ಇಟ್ಟುಕೊಳ್ಳಿ. ಯಾರಾದ್ರೂ ಕೇಳಿದ್ರೆ ನಾನು ಮಾತಾಡ್ತೇನೆ.”

ಅವರು ಬೀಗದ ಕೈಯನ್ನು ತೆಗೆದುಕೊಂಡು ಅಂಗೈಯಲ್ಲಿ ತೂಗಿ ನೋಡಿದರು. “ಲಿಫ್ಟ್ ಏಳಕ್ಕ ನಿಂದರತದ್ರಿ. ಮ್ಯಾಲ ಹದಿನೆಂಟು ಮೆಟ್ಟಲಾ ಅದಾವ.” ಉಸಿರು ತೆಗೆದುಕೊಳ್ಳಲು ನಿಂತರು. “ನಾ ಈಗ ಪಾಯಖಾನಿಗೆ ಹೋಗಿ ಬಂದ್ರ ತಾಸ ಮಲಗಬೇಕು.” ಎಂದು ನಗುತ್ತ ವಾಪಸು ಕೊಟ್ಟರು. ನಗು ಕೆಮ್ಮಾಯಿತು. ಅದು ಮುಗಿಯುವವರೆಗೆ ನಾನು ಕಪಾಟಿನ ಕಡೆ ನೋಡುತ್ತ ನಿಂತೆ. ಹೇಳಲು ಬಂದದ್ದು ಬೇರೆ. ಮೂರನೆಯ ದಿನ ನಾನು ಸುಳ್ಳು ಹೇಳಬಹುದಿತ್ತು, ವಾಸನೆ ಬರುತ್ತಿದೆ, ಇದು ಆಗುವ ಮಾತಲ್ಲ, ಟೆರೇಸಿಗೆ ಹೋಗಿ ಅನ್ನಬಹುದಿತ್ತು ಅಂತ. ಬಾಯಿಗೆ ಬಂದದ್ದು, “ಔಷಧಿ ಸರಿಯಾಗಿ ತಗೊಳ್ಳಿ ಮಾರಾಯ್ರೆ,” ಅಂತ.

ಶ್ರಾವಣ ಮುಗಿಯುವ ಮೊದಲೇ ಹೋದರು. ಜನಾಜಾ ಎತ್ತುವಾಗ ಲಿಫ್ಟಿನಲ್ಲಿ ಹಿಡಿಸದೆ ಮೂರು ಮಹಡಿ ಮೆಟ್ಟಿಲಲ್ಲಿ ಇಳಿಸಿದರು. ನಾನೂ ಹೆಗಲು ಕೊಟ್ಟೆ. ಅಷ್ಟು ಹಗುರವಾಗಿದ್ದರು.

ನಲವತ್ತು ದಿನ ಕಳೆದ ಮೇಲೆ ಭಾಯಿಯ ಹೆಂಡತಿ, ನಮ್ಮ ಭಾಭಿ, ನನ್ನ ಮನೆಗೆ ಬಂದರು. ಅವರು ಊರಿಗೆ, ಅಣ್ಣನ ಮನೆಗೆ ಹೊರಟಿದ್ದರು. ಮನೆ ಬಾಡಿಗೆಗೆ ಕೊಡಲು ಸೊಸೈಟಿಯ ಕಾಗದ ಬೇಕಿತ್ತು. ಸಹಿ ಹಾಕಿ ಕೊಟ್ಟೆ. ಕಾಗದ ಮಡಿಚಿ ಸೆರಗಿನೊಳಗೆ ಇಟ್ಟುಕೊಂಡರೂ ಏಳಲಿಲ್ಲ. ಏನೋ ಕೇಳುತ್ತಾರೆ, ಕೊನೆಗೂ ಕೇಳುತ್ತಾರೆ ಅಂದುಕೊಂಡೆ. ಕೇಳಲಿ ಎಂದು ಬಯಸಿದೆ ಕೂಡ. ಕುರ್ಚಿಯ ಕೈ ಹಿಡಿದು ಕೂತೆ.

“ಅಣ್ಣಾರ, ಒಂದು ಮಾತು ಹೇಳೂದಿತ್ತು,” ಎಂದರು. “ಎಲ್ಲಾರೂ ಅವರ ಕೆಲಸ ಬಂದ್ ಮಾಡಸ್ರಿ ಅಂದಿದ್ರಂತ. ನೀವು ಮಾಡಸ್ಲಿಲ್ಲ. ಮನ್ಯಾಗ ಮಾಡ್ಕೊಳ್ಳಿ ಅಂತ ಬಿಟ್ರಿ. ಕಡೀತನಕ ಅವರು ಅದನ್ನ ಅಂತಿದ್ರು, ಸೆಕ್ರೆಟರಿ ಸಾಹೇಬ್ರು ಇದ್ದದ್ದಕ್ಕ ನನ್ನ ಕೈ ಖಾಲಿ ಕೂಡಲಿಲ್ಲ ಅಂತ. ನಿಮ್ಮ ಉಪಕಾರ ನಾವು ಮರೆಯಂಗಿಲ್ರಿ.”

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ, ಇನ್ನು ಬರುವುದೂ ಇಲ್ಲ.

“ಅದರಲ್ಲೇನುಂಟು ಭಾಭಿ,” ಎಂದೆ. “ನೆರೆಕರೆಯವರು ಅಂದ ಮೇಲೆ ಅಷ್ಟೂ ಮಾಡದಿದ್ರೆ ಹೇಗೆ?”